ಒಂದೇ ಕಡೆಯಿಂದ ಬಂದ ಸುದ್ದಿ

ಪುಣೆಯ ಕಾಲೇಜಿನಲ್ಲಿ ಮೊದಲ ವಾರ ಗಣಿತದ ಸರ್ ಹಲಗೆಯ ಮೇಲೆ ಒಂದು ಲೆಕ್ಕ ಬರೆದು, ಇದರಲ್ಲಿ x ಇರುವಲ್ಲಿ ಒಂದನ್ನು ಹಾಕಬೇಡಿ, ಒಂದರ ಹತ್ತಿರ ಹತ್ತಿರ ಹೋಗಿ ನೋಡಿ ಎಂದರು. ಒಂದನ್ನೇ ಹಾಕಿದರೆ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಬೇಕಾಗುತ್ತಿತ್ತು. ನಮ್ಮೂರು ತಾಂಬಾದ ಸಾಲಿಯಲ್ಲಿ ಲೆಕ್ಕಕ್ಕೆ ಉತ್ತರವಿರುತ್ತಿತ್ತು, ಇಲ್ಲವೇ ಬೆತ್ತವಿರುತ್ತಿತ್ತು. ಇಲ್ಲಿ ಅಂಗಳದಲ್ಲೇ ನಿಂತು ಒಳಗೆ ಯಾರಿದ್ದಾರೆಂದು ಹೇಳಬೇಕು. ಅದಕ್ಕೆ ಲಿಮಿಟ್ ಎನ್ನುತ್ತಾರೆ.

0.9 ಹಾಕಿದೆ, 1.9 ಬಂತು. 0.99 ಹಾಕಿದೆ, 1.99. ಎದ್ದು ನಿಂತು ಎರಡು ಎಂದೆ.

"ದೋನ್ಹೀ ಬಾಜೂಂನೀ," ಎಂದರು ಸರ್. ಎರಡೂ ಕಡೆಯಿಂದ ಎಂದರ್ಥ. ಒಂದಕ್ಕಿಂತ ದೊಡ್ಡ ಸಂಖ್ಯೆಗಳನ್ನೂ ಕೇಳಬೇಕಿತ್ತು. ಉತ್ತರ ಸರಿಯಿದ್ದರೂ ಅವರು ಒಪ್ಪಲಿಲ್ಲ.

ನಮ್ಮ ಜಿಲ್ಲೆ ಆಗಷ್ಟೇ ಮೈಸೂರು ರಾಜ್ಯಕ್ಕೆ ಸೇರಿತ್ತು. ಪುಣೆ ಪರರಾಜ್ಯವಾಗಿತ್ತು. ಖೋಲಿ ಬಾಡಿಗೆಗೆ ಕೇಳಿದರೆ ಮೊದಲು ಹೆಸರು ಕೇಳುತ್ತಿದ್ದರು, ಆಮೇಲೆ ಖೋಲಿ ಇಲ್ಲ ಎನ್ನುತ್ತಿದ್ದರು. ಕೊನೆಗೆ ಸಿಕ್ಕಿದ ಕಡೆ ಬೇಳೆಯ ಆಮಟಿಗೂ ಬೆಲ್ಲ ಹಾಕುತ್ತಿದ್ದರು.

ಊರಿಂದ ಶೇಂಗಾ ಮಾರಲು ಬರುತ್ತಿದ್ದ ಕಾಕಾ ನಗುತ್ತಿದ್ದ. "ಏನೋ ಸಾಹೇಬ, ಸಾರೋ ಪಾಯಸಾನೋ ಇದು?"

ನಾನು ಕೇಳುತ್ತಿದ್ದುದು ಒಂದೇ, ಅವ್ವ ಹೇಗಿದ್ದಾಳೆ? ಊರಲ್ಲಿ ಅವಳು ಹಾಸಿಗೆ ಹಿಡಿದಿದ್ದಳು.

"ಅರ್ಧಾ ರೊಟ್ಟಿ ತಿಂದಾಳಪ್ಪ," ಎಂದ ಒಮ್ಮೆ. ಮುಂದಿನ ಸಲ, "ಎದ್ದು ಕುಂದರ್ತಾಳ." ಆಮೇಲೆ ಶೇಂಗಾ ಹಿಂಡಿ ಚಟ್ನಿಯ ಡಬ್ಬಿ ಕೊಟ್ಟು, "ನಿಮ್ಮವ್ವನೇ ಕುಟ್ಯಾಳ. ನೀ ಓದೂದು ನೋಡು," ಎಂದ. ಒನಕೆ ಎತ್ತಿದಳೆಂದರೆ ಪೂರ್ತಿ ಗುಣವಾಗಲು ಉಳಿದದ್ದು ಇನ್ನೆಷ್ಟು? ಆ ಹಿಂಡಿಯನ್ನು ಬೆರಳಿಂದ ಬಳಿದು ತಿಂದೆ. ಸುದ್ದಿ ಕಾಕಾನ ಬಾಯಿಂದ ಮಾತ್ರ ಬರುತ್ತಿದೆ ಎಂದು ನನಗೆ ಹೊಳೆಯಲೇ ಇಲ್ಲ.

ಪರೀಕ್ಷೆ ಮುಗಿಸಿ ಊರಿಗೆ ಬಂದಾಗ ಕಾಕಾ ನನ್ನನ್ನು ಮನೆಗೆ ಕರೆದೊಯ್ಯಲಿಲ್ಲ, ಖಬರಸ್ತಾನಕ್ಕೆ ಕರೆದೊಯ್ದ. ಅವ್ವನ ಮೇಲಿನ ಮಣ್ಣು ಆಗಲೇ ಕುಸಿದು ಕೂತಿತ್ತು.

"ಯಾವಾಗ?"

"ದೀಪಾವಳಿ ಆದಮ್ಯಾಲ. ಪರೀಕ್ಷಾ ಇದ್ದವರಿಗೆ ಸಾವು ತಿಳಸೂದಿಲ್ಲಪ್ಪ. ನಮ್ಮ ಕಡೆ ಯಾರು ತಿಳಸ್ತಾರ?"

"ಹಿಂಡಿ ಯಾರು ಕುಟ್ಟಿದ್ರು?"

"ನಿಮ್ಮ ಕಾಕಿ. ನಿಮ್ಮವ್ವನ ಕೈಯಾಗಿನಂಗ ಬೆಳ್ಳೊಳ್ಳಿ ಹೆಚ್ಚಿಗಿ ಹಾಕಂತ ನಾನ ಹೇಳಿದ್ನಿ."

ಮಗ ಮಣ್ಣು ಕೊಡದೆ ತಾಯಿ ಹೋದಳು. ಊರಿಗೆಲ್ಲ ಅದು ಗೊತ್ತಿತ್ತು. ಪರೀಕ್ಷೆಯಲ್ಲಿ ಪಾಸಾದೆ.

ಈಗ ಪುಣೆಯಲ್ಲೇ ನೌಕರಿ. ಇಲ್ಲಿಯವರು ನನ್ನನ್ನು ಹೊರಗಿನವನೆಂದು ಮುಖದ ಮೇಲೆಯೇ ಹೇಳುತ್ತಾರೆ. ತಾಂಬಾದವರು ನಮ್ಮವನೆನ್ನುತ್ತಾರೆ. ಅವ್ವ ಬದುಕಿದ್ದಾಳೆಂಬಂಥ ಸುಳ್ಳನ್ನು ತಮ್ಮವನಿಗಷ್ಟೇ ಹೇಳುತ್ತಾರೆಂದು ಬಲ್ಲೆ. ಆದರೂ ಅಲ್ಲಿ ಎರಡು ದಿನ ನಿಲ್ಲಲು ಮನಸ್ಸಾಗುವುದಿಲ್ಲ. ತಿರುಗಿ ಬಂದು ಪುಣೆಯಲ್ಲಿ ರೈಲು ಇಳಿದರೆ ಊರು ಮುಟ್ಟಿದೆ ಅನ್ನಿಸುವುದೂ ಇಲ್ಲ.