ಒಂದು ಹೋಲ್ಡರು, ಮೂರು ಸಾಮಾನು

ನನ್ನ ಮನೆಯಲ್ಲಿ ಕರೆಂಟಿನ ಒಂದು ಪ್ಲಗ್ ಬಾಯಿಗೆ ಒಂದೇ ಸಾಮಾನು. ಯಾರು ಎಷ್ಟು ನಕ್ಕರೂ ಈ ಕಾನೂನು ಬದಲಾಗುವುದಿಲ್ಲ. "ಅಜ್ಜಿಗೆ ಕರೆಂಟು ಅಂದ್ರೆ ಭಯ" ಅನ್ನುತ್ತಾರೆ ಮೊಮ್ಮಕ್ಕಳು. ಭಯವಲ್ಲ ಮಾರಾಯ್ರೆ, ನನಗೆ ಅದರ ಬುದ್ಧಿ ಗೊತ್ತು.

ಸ್ವಾತಂತ್ರ್ಯ ಬರುವ ಮೊದಲಿನ ಮಾತು. ನನ್ನ ಗಂಡ ಆಲ್ದೂರಿನ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು. ಕೊಯ್ಲಿನ ಕಾಲದಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿ ಪಲ್ಪ್ ಮಾಡುವ ಇಂಜಿನ್ನಿಗೇ ಡೈನಮೋ ಕಟ್ಟಿದ್ದರು. ಇಂಜಿನ್ ಓಡಿದಷ್ಟು ಹೊತ್ತು ಬಂಗಲೆಗೆ ಕರೆಂಟು. ಸಾಹುಕಾರರು ದೊಡ್ಡ ಮನಸ್ಸು ಮಾಡಿ ನಮ್ಮ ಮನೆಗೂ ಒಂದು ತಂತಿ ಎಳೆಸಿದರು. ನಡುಮನೆಯಲ್ಲಿ ಒಂದೇ ಒಂದು ಬಲ್ಬು, ಕೈಗೆಟಕುವಷ್ಟು ಕೆಳಗೆ, ಪಿತ್ತಾಳೆ ಹೋಲ್ಡರಿನಲ್ಲಿ ನೇತಾಡುತ್ತಿತ್ತು.

ನಮ್ಮವರಿಗೆ ಅಷ್ಟು ಸಾಕಾಗಲಿಲ್ಲ. ಬಂಗಲೆಯವರು ಬೇಡವೆಂದು ಬಿಟ್ಟ ಕರೆಂಟಿನ ಇಸ್ತ್ರಿಪೆಟ್ಟಿಗೆ ತಂದರು, ಅದಕ್ಕೆಂದು ಎರಡು ಬಾಯಿಯ ಹೋಲ್ಡರು ತಂದರು. ಆಮೇಲೆ ನೀರು ಕಾಯಿಸುವ ಕೆಟಲ್ಲು ಬಂತು, ಅದರ ಹಿಂದೆಯೇ ಇನ್ನೊಂದು ಎರಡು ಬಾಯಿಯದು. ಒಂದರೊಳಗೆ ಒಂದು ಸಿಕ್ಕಿಸಿ, ಮೂರು ಹೋಲ್ಡರನ್ನೂ ಹಲಸಿನ ಗೊಂಚಲಿನ ಹಾಗೆ ಇಳಿಬಿಟ್ಟರು. ಏನು ಸಂಭ್ರಮ ಅಂತೀರಿ!

ಇಂಜಿನ್ ನೋಡಿಕೊಳ್ಳುತ್ತಿದ್ದ ಸಾಬರು ಒಂದು ದಿನ ಬಂದವರು ಅದನ್ನು ನೋಡಿ ಹೌಹಾರಿದರು. "ಅಕ್ಕಾ, ಇದು ಬಲ್ಬಿಗೆ ಅಂತ ಎಳೆದ ತಂತಿ. ಇಷ್ಟನ್ನ ತಡೆಯಲ್ಲ, ಕಾದು ಸುಟ್ಟುಹೋಗುತ್ತೆ. ಒದ್ದೆ ಕೈಯಲ್ಲಂತೂ ಹೋಲ್ಡರು ಮುಟ್ಟಲೇಬೇಡಿ. ಯಾರಿಗಾದ್ರೂ ಕರೆಂಟು ಹಿಡಿದ್ರೆ ಅವರನ್ನ ಮುಟ್ಟಬೇಡಿ, ಒಣ ಮರದ ತುಂಡಲ್ಲಿ ಹೊಡೆದು ಬಿಡಿಸಿ" ಎಂದರು. ನಾನು ಒಂದಕ್ಷರ ಬಿಡದೆ ಕೇಳಿಸಿಕೊಂಡೆ. ನಮ್ಮವರು ಮಾತ್ರ "ಸಾಬರಿಗೆ ಎಲ್ಲದಕ್ಕೂ ಗಾಬರಿ" ಎಂದು ನಕ್ಕರು. ಆಗಲೇ ನನಗೆ ಮೈಯೆಲ್ಲ ಉರಿದಿತ್ತು.

ಇನ್ನು ನಮ್ಮತ್ತೆಯ ಮಡಿ. ಬೆಳಿಗ್ಗೆ ಬಾವಿಕಟ್ಟೆಯಲ್ಲಿ ನೀರು ಹೊಯ್ದುಕೊಂಡು, ಒದ್ದೆ ಸೀರೆಯಲ್ಲೇ ಒಳಗೆ ಬರುವರು. ಪೂಜೆ, ಅಡಿಗೆ ಮುಗಿಯುವ ತನಕ ಯಾರೂ ಮುಟ್ಟುವ ಹಾಗಿಲ್ಲ. ನಾನು ಆ ಮನೆಗೆ ಬಂದು ಆರು ವರ್ಷವಾಗಿತ್ತು. ಬೆಳಗಿನ ಹೊತ್ತು ನನ್ನ ಸೆರಗು ಕೂಡ ಅವರಿಗೆ ತಾಕಿರಲಿಲ್ಲ.

ಅವತ್ತು ಹಿಂದಿನ ದಿನದ ಹಣ್ಣು ಉಳಿದಿದ್ದರಿಂದ ಬೆಳಿಗ್ಗೆಯೇ ಇಂಜಿನ್ ಶುರುವಾಯಿತು. ಸಾಹುಕಾರರ ಜೊತೆ ಚಿಕ್ಕಮಗಳೂರಿಗೆ ಹೋಗಬೇಕಿದ್ದ ನಮ್ಮವರು ಕೋಟಿಗೆಂದು ಇಸ್ತ್ರಿಯನ್ನೂ ಕ್ಷೌರಕ್ಕೆಂದು ಕೆಟಲ್ಲನ್ನೂ ಒಟ್ಟಿಗೆ ಕಾಯಲು ಬಿಟ್ಟು ಹಿತ್ತಿಲಿಗೆ ಹೋದರು. ನಾನು ಆಗಷ್ಟೇ ನಡುಮನೆಗೆ ಸಗಣಿ ಸಾರಿಸಿ ಕೈ ತೊಳೆಯುತ್ತಿದ್ದೆ. ರಬ್ಬರು ಸುಟ್ಟ ವಾಸನೆ ಬಂತು. ತಿರುಗಿ ನೋಡಿದರೆ, ಒದ್ದೆ ಸೀರೆಯಲ್ಲಿ, ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತ ಅತ್ತೆ, ಹೊಗೆಯಾಡುವ ಹೋಲ್ಡರನ್ನು ಆರಿಸಲು ಕೈ ಎತ್ತಿದ್ದಾರೆ.

"ಅಮ್ಮಾ, ಬೇಡ!" ಎಂದು ಕಿರುಚುವಷ್ಟರಲ್ಲಿ ಹಿಡಿದೇಬಿಟ್ಟರು. ಬಾಯಿ ತೆರೆದಿದೆ, ಧ್ವನಿಯಿಲ್ಲ. ಕೈ ಬಿಡಲಾಗುತ್ತಿಲ್ಲ.

ಅಪ್ಪಿ ಎಳೆದುಬಿಡೋಣ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಆದರೆ ಸಾಬರ ಮಾತು ತಲೆಯಲ್ಲಿತ್ತು. ಗೋಡೆಗೆ ಒರಗಿಸಿದ್ದ ಊಟದ ಮಣೆ ಎತ್ತಿ, ಅತ್ತೆಯ ಮುಂಗೈಗೆ ಬೀಸಿ ಹೊಡೆದೆ. ಕೈ ಬಿಟ್ಟಿತು, ಅವರು ಕೆಳಗೆ ಬಿದ್ದರು.

ಮುಖಕ್ಕೆ ಅರ್ಧ ಸೋಪು ಹಚ್ಚಿಕೊಂಡೇ ಓಡಿಬಂದರು ನಮ್ಮವರು. "ಮೊದಲು ಹೋಗಿ ಇಂಜಿನ್ ನಿಲ್ಲಿಸಿ! ಹೆತ್ತ ತಾಯಿಯನ್ನೇ ಕೊಲ್ತಿದ್ರಲ್ಲ, ನಿಮ್ಮ ಕೋಟಿಗೆ ಬೆಂಕಿ ಹಾಕ!" ಎಂದೆ. ಅಷ್ಟು ದೊಡ್ಡ ದನಿ ನನ್ನದು ಎಂದು ನನಗೇ ಗೊತ್ತಿರಲಿಲ್ಲ. ಅವರು ಇಂಜಿನ್ ಮನೆಯ ಕಡೆ ಓಡಿದರು.

ಅತ್ತೆ ಕಣ್ಣು ಬಿಟ್ಟರು. ಅಂಗೈ ಸುಟ್ಟಿತ್ತು, ಮುಂಗೈ ಆಗಲೇ ಊದತೊಡಗಿತ್ತು. ಮೊದಲು ಕೇಳಿದ್ದು, "ಮುಟ್ಟಿದ್ಯೇನೇ?"

"ಇಲ್ಲ ಅಮ್ಮ. ಮಣೆಯಲ್ಲಿ ಹೊಡೆದೆ."

ಅವರು ಮಣೆಯನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಇನ್ನೊಂದು ಕೈಯನ್ನು ನನ್ನ ಕಡೆ ಚಾಚಿದರು.

"ಈಗ ಮುಟ್ಟೇ ಮಾರಾಯ್ತಿ. ನಂಗೆ ಹೆದರಿಕೆ ಆಗ್ತಿದೆ."