ಐದು ಹತ್ತರ ಸೀಟಿ

ಆಕೆ ಟೈಮಪ್ಪನನ್ನು ಮೊದಲು ಕಂಡದ್ದು ಬಸ್ ನಿಲ್ದಾಣದಲ್ಲಿ ಕಸ ಗುಡಿಸುವ ಕೆಲಸಕ್ಕೆ ಸೇರಿದ ದಿನ. ಮನೆಯ ಕಡೆಗಿನ ಬಸ್ಸು ಎಷ್ಟೊತ್ತಿಗೆ ಎಂದು ಗೂಡಿನಂಥ ಕೋಣೆಯ ಕಿಟಕಿಯಲ್ಲಿ ಕೇಳಿದಳು. ಒಳಗಿದ್ದ ಟೈಮಪ್ಪ ಐದು ಹತ್ತಕ್ಕೆ ಎಂದ. ಹಾಗಂದರೆ ಯಾವಾಗ ಎಂದು ಮತ್ತೆ ಕೇಳಿದಳು. ಹಿಂದೆ ನಿಂತವರು ಕಿಸಕ್ಕನೆ ನಕ್ಕರು. ಅವನು ನಗಲಿಲ್ಲ. ಹೊರಗೆ ಬಂದು, ಅವಳ ಕೈಯಲ್ಲಿದ್ದ ಪೊರಕೆಯನ್ನೇ ತೆಗೆದುಕೊಂಡು ಅದರ ತುದಿಯಿಂದ ಕಂಬದ ಮೇಲಿನ ಗಡಿಯಾರ ತೋರಿಸಿದ.

"ದೊಡ್ಡ ಮುಳ್ಳು ಎರಡರ ಮೇಲೆ ಬರ್ಬೇಕು ತಂಗಿ. ಚಿಕ್ಕದು ಐದು ದಾಟಿ ಒಂದು ಚೂರು. ಅದಕ್ಕೆ ಮೊದ್ಲು ಬಸ್ಸು ಹೊರಡಲ್ಲ, ಅದಾದ್ಮೇಲೆ ನಿಲ್ಲಲ್ಲ."

ಹೀಗೆ ಆಕೆ ಗಡಿಯಾರ ಓದಲು ಕಲಿತಳು. ಮೊದಲು ಐದು ಹತ್ತು, ಉಳಿದ ಹೊತ್ತೆಲ್ಲ ಆಮೇಲೆ.

ಅವನ ಹುದ್ದೆಗೆ ಉದ್ದನೆಯ ಹೆಸರೊಂದಿತ್ತು, ಯಾರೂ ಅದನ್ನು ಹೇಳುತ್ತಿರಲಿಲ್ಲ. ಸರ್ಕಾರಿ ಬಸ್ಸುಗಳನ್ನು ಹೊತ್ತಿಗೆ ಸರಿಯಾಗಿ ಹೊರಡಿಸುವುದು ಅವನ ಕೆಲಸ. ಡ್ರೈವರನ ಚೀಟಿಗೆ ಸಹಿ ಹಾಕಿ, ಕೊರಳಲ್ಲಿ ಕಪ್ಪು ದಾರಕ್ಕೆ ನೇತುಬಿಟ್ಟ ಉಕ್ಕಿನ ಸೀಟಿಯನ್ನು ಎರಡು ಸಲ ಚಿಕ್ಕದಾಗಿ ಊದಿದನೆಂದರೆ ಒಳಗೆ ಒಬ್ಬನಿರಲಿ, ಅರವತ್ತು ಜನರಿರಲಿ, ಬಸ್ಸು ಹೊರಡಲೇಬೇಕು. ಕಾಲಿಗೆ ಚಕ್ರ ಕಟ್ಟಿಕೊಂಡವನ ಹಾಗೆ ಓಡಾಡುತ್ತಿದ್ದ. ಕುರ್ಚಿಯಿತ್ತು, ಅದರಲ್ಲಿ ಕೂತದ್ದನ್ನು ಆಕೆ ಕಂಡಿಲ್ಲ. ಹುಟ್ಟುವಾಗ ಎರಡು ದಿನ ತಡ ಮಾಡಿದ್ದನಂತೆ, ಅದನ್ನು ಸರಿಮಾಡಲು ಇನ್ನೂ ಓಡುತ್ತಿದ್ದಾನೆ ಎಂದು ಡ್ರೈವರುಗಳು ಆಡಿಕೊಳ್ಳುತ್ತಿದ್ದರು. ಅವನನ್ನು ಟೈಮೆಷ್ಟು ಎಂದು ಕೇಳದವರಿರಲಿಲ್ಲ. ಅವನು ಮಾತ್ರ ಯಾರನ್ನೂ ಕೇಳಿದವನಲ್ಲ.

ಆಕೆಗೆ ಆ ಐದು ಹತ್ತು ಬೇಕೇಬೇಕಿತ್ತು. ಗಂಡ ಕಟ್ಟಡದ ಸಾರುವೆಯಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನವಿಲ್ಲದೆ ಮಲಗಿದ್ದ. ಹಗಲು ನೋಡಿಕೊಳ್ಳುತ್ತಿದ್ದ ಪಕ್ಕದ ಮನೆಯ ಅಕ್ಕ ಆರು ಗಂಟೆಗೆ ಗಿರಣಿಯ ಪಾಳಿಗೆ ಹೊರಡಬೇಕು. ಐದು ಹತ್ತಕ್ಕೆ ಬಿಟ್ಟ ಬಸ್ಸು ಆಕೆಯನ್ನು ಆರಕ್ಕೆ ಹತ್ತು ನಿಮಿಷವಿರುವಾಗ ಮನೆಯ ತಿರುವಿನಲ್ಲಿ ಇಳಿಸುತ್ತಿತ್ತು. ಆ ಹತ್ತು ನಿಮಿಷದ ಮೇಲೆ ಒಂದು ಸಂಸಾರ ನಿಂತಿತ್ತು.

ಬರಬರುತ್ತಾ ಸರ್ಕಾರಿ ಬಸ್ಸುಗಳು ಸೊರಗಿದವು. ಹೊಸ ಬಸ್ಸು ಬರಲಿಲ್ಲ, ಬಿಡಿಭಾಗ ಬರಲಿಲ್ಲ. ಒಂದರ ಟೈರು ಬಿಚ್ಚಿ ಇನ್ನೊಂದಕ್ಕೆ ಹಾಕಿದರು. ನಲವತ್ತೆರಡು ಬಸ್ಸಿದ್ದ ಡಿಪೋದಲ್ಲಿ ಓಡುವವು ಹತ್ತೊಂಬತ್ತಕ್ಕೆ ಇಳಿದವು. ಬಸ್ಸಿನ ಹೊತ್ತು ಬರೆದ ಕಪ್ಪು ಹಲಗೆಯ ಮೇಲೆ ಯಾರಾದರೂ 'ರದ್ದು' ಎಂದು ಬರೆದರೆ ಟೈಮಪ್ಪ ಅಂಗೈಯಿಂದ ಅಳಿಸಿ, ಡಿಪೋಗೆ ಓಡಿಹೋಗಿ, ಕಾಡಿ ಬೇಡಿ ಇನ್ನೊಂದು ಬಸ್ಸು ತರುತ್ತಿದ್ದ. ಕೊನೆಗೊಂದು ದಿನ ಸರ್ಕಾರ ಡಿಪೋವನ್ನೇ ಒಂದು ಖಾಸಗಿ ಕಂಪನಿಗೆ ಕೊಟ್ಟಿತು. ಡ್ರೈವರುಗಳ ಮುಂದೆ ಎರಡು ಕಾಗದ ಇಟ್ಟರು. ಒಂದು ಬಿಟ್ಟುಹೋಗಲು, ಇನ್ನೊಂದು ಕಂಪನಿಗೆ ಸೇರಲು. ಟೈಮಪ್ಪನ ಮುಂದೆ ಒಂದೇ ಕಾಗದ ಬಂತು. ಹೊತ್ತು ಹೇಳುವವನು ಕಂಪನಿಗೆ ಬೇಕಿರಲಿಲ್ಲ.

ಸುಳ್ಳು ಹೇಳಬಾರದು, ಕಂಪನಿಯ ಬಸ್ಸು ಚೆನ್ನಾಗಿತ್ತು. ಸೀಟು ಮೆತ್ತಗೆ, ಗಾಜು ಗಡಗಡ ಅನ್ನುತ್ತಿರಲಿಲ್ಲ. ಆದರೆ ತುಂಬುವ ತನಕ ಹೊರಡುತ್ತಿರಲಿಲ್ಲ. ಐದು ಹತ್ತರದು ಐದೂಕಾಲಾಯಿತು, ಐದೂವರೆಯಾಯಿತು. ಪಕ್ಕದ ಮನೆಯ ಅಕ್ಕ ಎರಡು ದಿನ ಕಾದು, ಗಿರಣಿಯಲ್ಲಿ ಬೈಸಿಕೊಂಡು, ಮೂರನೆಯ ದಿನ ಆರರ ಮೇಲೆ ಕಾಯುವುದು ಇನ್ನು ತನ್ನಿಂದಾಗದು ಎಂದಳು. ತಪ್ಪು ಅವಳದಲ್ಲ.

ಕೆಲಸವಿಲ್ಲದ ಟೈಮಪ್ಪ ದಿನವೂ ಇಸ್ತ್ರಿ ಅಂಗಿ ತೊಟ್ಟು ನಿಲ್ದಾಣಕ್ಕೇ ಬರುತ್ತಿದ್ದ. ಅವನ ಗೂಡಿನಲ್ಲಿ ಈಗ ಮೊಬೈಲ್ ಕರೆನ್ಸಿ ಹಾಕುವ ಅಂಗಡಿ. ಕಲ್ಲುಬೆಂಚಿನ ಮೇಲೆ ಕೂರುವನು, ಏಳುವನು. ಆಕೆಯ ಸಂಕಟವನ್ನು ಕೇಳಿಯೇ ತಿಳಿದಿದ್ದ. ಒಂದು ಸಂಜೆ ಐದು ಹತ್ತಾದರೂ ಬಸ್ಸಿನಲ್ಲಿ ಒಂಬತ್ತೇ ಜನ. ಆಕೆ ಕಿಟಕಿಯ ಪಕ್ಕ ಕೈಚೀಲದ ಹಿಡಿ ತಿರುಚುತ್ತಾ ಕೂತಿದ್ದಳು. ಅವನು ಅವಳ ಮುಖ ನೋಡಿದ, ಗಡಿಯಾರ ನೋಡಿದ, ಅಂಗಿಯೊಳಗಿಂದ ಸೀಟಿ ಎಳೆದು ಎರಡು ಸಲ ಊದಿಯೇಬಿಟ್ಟ.

ಡ್ರೈವರ್ ಹಳಬ, ಇಪ್ಪತ್ತಾರು ವರ್ಷ ಆ ಸೀಟಿಗೆ ಬಸ್ಸು ಎತ್ತಿದವನು. ಬಸ್ಸು ಗೇಟು ದಾಟಿತು. ಕಂಪನಿಯ ಸೂಪರ್ವೈಸರ್ ಕೂಗುತ್ತಾ ಬೆನ್ನು ಹತ್ತಿದ, ಒಂದು ಚಪ್ಪಲಿ ಹಿಂದೆಯೇ ಉಳಿಯಿತು. ಒಳಗಿದ್ದವರೆಲ್ಲ ನಕ್ಕರು. ಎಷ್ಟೋ ದಿನಗಳ ಮೇಲೆ ಆಕೆಯೂ ನಕ್ಕಳು.

ಹೀಗೆ ಮೂರು ದಿನ ನಡೆಯಿತು. ಸೀಟಿ ಕಿವಿಗೆ ಹಾಕಿಕೊಳ್ಳಬೇಡ ಎಂದು ಡ್ರೈವರನಿಗೆ ತಾಕೀತಾಯಿತು.

"ಕಿವಿಗೆ ಹೇಳ್ಬಹುದು ಸಾರ್, ಕಾಲಿಗೆ ಹೇಗೆ ಹೇಳ್ಲಿ?" ಎಂದ ಅವನು.

ನಾಲ್ಕನೆಯ ದಿನ ಮಧ್ಯಾಹ್ನ ಸೂಪರ್ವೈಸರ್ ಕಲ್ಲುಬೆಂಚಿಗೇ ಬಂದ. ದನಿ ಏರಿಸಲಿಲ್ಲ. "ಯಜಮಾನ್ರೇ, ನಿಮ್ಮನ್ನ ನಾನೇನೂ ಮಾಡಕ್ಕಾಗಲ್ಲ. ನೀವು ಇನ್ನೊಂದ್ಸಲ ಊದಿದ್ರೆ ಆ ಡ್ರೈವರ್ ನಾಳೆಯಿಂದ ಮನೇಲಿರ್ತಾನೆ, ಅಷ್ಟೆ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಡ್ರೈವರನಿಗೆ ಓದುವ ಹೆಣ್ಣುಮಕ್ಕಳಿಬ್ಬರು. ಅಲ್ಲೇ ಗುಡಿಸುತ್ತಿದ್ದ ಆಕೆ ಎಲ್ಲ ಕೇಳಿಸಿಕೊಂಡಳು.

ಐದಾಯಿತು. ಟೈಮಪ್ಪ ಬಾಲ ಸುಟ್ಟ ಬೆಕ್ಕಿನಂತೆ ಕಂಬದಿಂದ ಕಂಬಕ್ಕೆ ಸುತ್ತುತ್ತಿದ್ದ. ಐದಾರು ಜನ ಹತ್ತಿದ್ದರು. ದೊಡ್ಡ ಮುಳ್ಳು ಎರಡನ್ನು ಮುಟ್ಟುವ ಹೊತ್ತಿಗೆ ಅವನ ಕೈ ಕೊರಳಿಗೆ ಹೋಯಿತು. ಬಸ್ಸಿನಲ್ಲಿದ್ದ ಆಕೆ ಇಳಿದು ಬಂದು ಅವನ ಮುಂದೆ ಅಂಗೈ ಚಾಚಿದಳು.

"ಕೊಡಿ ಅಣ್ಣ."

"ನಿನ್ನ ಗಂಡ?"

"ನಾನು ನೋಡ್ಕೋತೀನಿ."

"ಹೇಗೆ ನೋಡ್ಕೋತೀಯ?"

ಆಕೆ ಚಾಚಿದ ಕೈಯನ್ನು ಹಿಂದೆಗೆಯಲಿಲ್ಲ. ಅವನು ದಾರವನ್ನು ತಲೆಯಿಂದ ತೆಗೆದು ಸೀಟಿಯನ್ನು ಅವಳ ಕೈಗಿಟ್ಟ. ಅದು ಬೆಚ್ಚಗಿತ್ತು.

ಬಸ್ಸು ಹೊರಟದ್ದು ಐದು ಮೂವತ್ತೈದಕ್ಕೆ. ಆಕೆ ಮನೆ ಮುಟ್ಟಿದಾಗ ಗಂಡ ನೀರಿನ ಚೊಂಬಿಗೆ ಕೈ ಚಾಚಲು ಹೋಗಿ ಮಂಚದಿಂದ ಜಾರಿ, ಒದ್ದೆ ನೆಲದ ಮೇಲೆ ಬಾಗಿಲ ಕಡೆ ಮುಖ ಮಾಡಿ ಬಿದ್ದಿದ್ದ. ಪೆಟ್ಟಾಗಿರಲಿಲ್ಲ. ಬಸ್ಸು ಕೆಟ್ಟಿತ್ತಾ ಎಂದು ಕೇಳಿದ. ಹೂಂ ಎಂದಳು. ಮರುದಿನದಿಂದ ಮಂಚದ ಒಂದು ಪಕ್ಕಕ್ಕೆ ಹಲಗೆ ಕಟ್ಟಿ, ಇನ್ನೊಂದು ಪಕ್ಕದಲ್ಲಿ ಕೈಗೆಟುಕುವಂತೆ ಸ್ಟೂಲಿನ ಮೇಲೆ ನೀರಿಟ್ಟು ಹೋಗುತ್ತಿದ್ದಳು. ಅವನು ಇನ್ನೂ ಒಂದೂವರೆ ವರ್ಷ ಇದ್ದ.

ಟೈಮಪ್ಪ ಆಮೇಲೆ ಐದು ಗಂಟೆಯಾದರೆ ನಿಲ್ದಾಣದ ಹಿಂದುಗಡೆ ಹೋಗಿ, ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದ. ಬಸ್ಸು ಹೋದ ಸದ್ದು ಕೇಳಿದ ಮೇಲೇ ಈಚೆ ಬರುತ್ತಿದ್ದ. ಮುಂದೆ ಕಾಲು ಬಾತು, ಉಸಿರು ಕಟ್ಟಿ, ನಿಲ್ದಾಣದ ಎದುರಿಗಿದ್ದ ಸರ್ಕಾರಿ ಆಸ್ಪತ್ರೆ ಸೇರಿದ. ತನ್ನವರು ಅಂತ ಯಾರೂ ಇರಲಿಲ್ಲ. ಆಗ ಮನೆಯಲ್ಲಿ ಆಕೆಗಾಗಿ ಕಾಯುವವರೂ ಇರಲಿಲ್ಲ. ಕೆಲಸ ಮುಗಿಸಿ ದಿನವೂ ಹೋಗಿ ಕೂರುತ್ತಿದ್ದಳು. ಒಂದು ದಿನ ಸೀಟಿ ತೆಗೆದುಕೊಂಡು ಹೋಗಿ ಅವನ ಕೈಯಲ್ಲಿಟ್ಟಳು. "ಬೇಡಮ್ಮ, ನನ್ ಕೈ ಸುಮ್ನಿರಲ್ಲ" ಎಂದು ತಿರುಗಿ ಕೊಟ್ಟ.

ಕೊನೆಯ ದಿನವೂ ಹೊದಿಕೆಯ ಕೆಳಗೆ ಅವನ ಪಾದಗಳು ಆಡುತ್ತಲೇ ಇದ್ದವು. ಎದುರಿನ ಗೋಡೆಯಲ್ಲೇ ಗಡಿಯಾರವಿತ್ತು. ಕಿಟಕಿಯಾಚೆ ಬಸ್ಸೊಂದು ಎಂಜಿನ್ ಹಾಕಿಕೊಂಡು, ಹೊರಡದೆ, ಗುರುಗುಟ್ಟುತ್ತಿತ್ತು. ಕಣ್ಣು ಕಿರಿದು ಮಾಡಿ ಗಡಿಯಾರದ ಕಡೆಯೇ ನೋಡುತ್ತಾ ಮಲಗಿದ್ದ ಅವನು ಆಕೆಯ ಕಡೆ ತಿರುಗಿದ.

"ತಂಗಿ, ಐದು ಹತ್ತು ಆಯ್ತಾ?"