ಹಣ್ಣಾಗುವ ತನಕ

ಜಂಗಮಕೋಟೆಗೆ ಸೊಸೆಯಾಗಿ ಬಂದ ವರ್ಷವೇ ಓಬಳಮ್ಮನಿಗೆ ಅವಳ ಅತ್ತೆ ರೇಷ್ಮೆಹುಳು ಸಾಕುವುದನ್ನು ಹೇಳಿಕೊಟ್ಟಳು: "ಹುಳ ಹಣ್ಣಾಗಿದ್ರೆ ಗೂಡು ಕಟ್ಟಕ್ಕೆ ಬಿದಿರಿನ ಚಂದ್ರಿಕೆ ತಟ್ಟೆಗೆ ಬಿಡು. ಆಗಿಲ್ವಾ, ಸೊಪ್ಪು ಹಾಕು. ಹಣ್ಣಾಗೋವರ್ಗೂ ಹಾಕ್ತಾನೇ ಇರು."

ಹುಳುವಿಗೆ ಇನ್ನೊಂದು ಗತಿಯೂ ಉಂಟೆಂದು ಆ ಮಹಾತಾಯಿ ಹೇಳಲೇ ಇಲ್ಲ. ಹೇಳದೆಯೇ ಕಣ್ಣು ಮುಚ್ಚಿದಳು. ಬೆಳೆ ಮೇಲೆ ಬೆಳೆ, ಓಬಳಮ್ಮನ ಬದುಕು ಆ ಮಾತಿನ ಸುತ್ತಲೇ ಸುತ್ತಿತು.

ಅರವತ್ತೊಂದನೇ ಇಸವಿಯ ಮಳೆಗಾಲದಲ್ಲಿ ಹುಳುಗಳಿಗೆ ಸುಣ್ಣಕಟ್ಟು ರೋಗ ಬಂತು. ತಟ್ಟೆ ತುಂಬ ಅವು ಸೀಮೆಸುಣ್ಣದ ಚೂರುಗಳಂತೆ ಬೆಳ್ಳಗೆ ಸೆಟೆದುಕೊಂಡವು. ಓಬಳಮ್ಮ ಅವುಗಳ ಮೇಲೆ ಸೊಪ್ಪು ಹರಡಿದಳು. ಅದು ಬಾಡಿತು, ಹೊಸದು ಹರಡಿದಳು.

"ಸತ್ತೋಗಿವೆ ಕಣೇ, ಸಾಕು ಬಿಡು," ಎಂದ ಗಂಡ ಆವಲಪ್ಪ.

"ಹಣ್ಣಾಗಿಲ್ವಲ್ಲ," ಎಂದು ಅವಳು ಬುಟ್ಟಿ ಎತ್ತಿಕೊಂಡು ಮತ್ತೆ ಸೊಪ್ಪಿನ ತೋಟಕ್ಕೆ ನಡೆದಳು.